ಲಿಂಬಿ ಗಿಡಕ್ಕೆ ಜಳಕ

ಎಲ್ಲ ಶುರುವಾದದ್ದು ಶಂಕರೆಪ್ಪನ ಒಂದು ಮಾತಿನಿಂದ. ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣಲು ಅಕ್ಕ ವಿದ್ಯಾವತಿಯ ಹೊಲಕ್ಕೆ ಬಂದಿದ್ದ ಅವನು, ಸಜ್ಜಿ ಕಡಬು ಬಾಯಿಗಿಡುತ್ತ, ‘ಮಾಮಾ, ನಿಮ್ಮ ಹೊಲಾ ಎಲ್ಲೈತ್ರಿ?’ ಎಂದು ಕೇಳಿದ್ದ. ಆಗ ಅವನು ಕೂತಿದ್ದು ಹೊಲದ ನಟ್ಟನಡುವೆ, ಸುತ್ತ ಸೊಂಟಮಟ್ಟ ಕಸ.

ತಿಕೋಟಾದಿಂದ ಬಂದ ತವರಿನವರೆಲ್ಲ ಬಿದ್ದು ಬಿದ್ದು ನಕ್ಕರು. ವಿದ್ಯಾವತಿ ಮಾತ್ರ ಬುತ್ತಿ ಗಂಟು ಕಟ್ಟಿಕೊಂಡು, ಅಥಣಿ ರಸ್ತೆಯ ಮನೆ ಮುಟ್ಟುವವರೆಗೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ವರ್ಷ ಅಮಾವಾಸ್ಯೆಗೆ ಹದಿನೈದು ದಿನವಿರುವಾಗ ಗಂಡನೆದುರು ಬಂದು ನಿಂತಳು.

‘ಈ ಸಲಾನೂ ತವರಿನವರಿಗೆ ಹೇಳೇನ್ರಿ. ಮೂವತ್ತು ಮಂದಿ ಬರ್ತಾರ. ಹೊಲದಾಗ ಕಸ ಕಂಡ್ರ ನಾ ಮುಂದ ತಿಕೋಟಾದ ಬಸ್ಸು ಹತ್ತೂದಿಲ್ಲ, ನೋಡ್ರಿ ಮತ್ತ.’

ಗುರಲಿಂಗಪ್ಪ ಗುಮಾಸ್ತ. ನೌಕರಿಗೆ ಇನ್ನೂ ಎರಡು ವರ್ಷ ಇತ್ತು, ಮೈ ಮಾತ್ರ ಆಗಲೇ ನಿವೃತ್ತಿ ತೆಗೆದುಕೊಂಡಿತ್ತು. ಜೈನಾಪುರದ ಹತ್ತಿರ ಅವನಿಗೊಂದು ಎಕರೆ, ಅದರ ಅಂಚಿಗೆ ವಿದ್ಯಾವತಿ ಕೈಯಾರೆ ಹಚ್ಚಿದ ಆರು ಲಿಂಬೆ ಗಿಡ. ಆ ಗಿಡಗಳ ಉಪ್ಪಿನಕಾಯಿಯೇ ಪ್ರತಿ ವರ್ಷ ಭರಣಿ ತುಂಬಿ ತಿಕೋಟಾಕ್ಕೆ ಹೋಗುತ್ತಿತ್ತು. ಉಳಿದ ಹೊಲ ಕಸದ ಪಾಲು. ಕಳೆ ತೆಗೆಸೋಣವೆಂದರೆ ಆಳುಗಳೆಲ್ಲ ದ್ರಾಕ್ಷಿ ತೋಟಗಳ ಕೆಲಸಕ್ಕೆ ಹೋಗಿದ್ದರು. ಕೊನೆಗೆ ಶನಿವಾರ ಸೊಲ್ಲಾಪುರ ರಸ್ತೆಯ ಅಂಗಡಿಗೆ ಹೋಗಿ, ಬೆನ್ನಿಗೆ ಹೊರುವ ಬ್ಯಾಟರಿ ಪಂಪನ್ನೂ ಕಸ ಸುಡುವ ಎಣ್ಣೆಯ ಡಬ್ಬಿಯನ್ನೂ ತಂದ.

‘ರಾತ್ರಿಯೆಲ್ಲಾ ಚಾರ್ಜಿಗೆ ಹಾಕ್ರಿ ಸಾಹೇಬ್ರ,’ ಎಂದಿದ್ದ ಅಂಗಡಿಯ ಫೈಜಲ. ‘ಮತ್ತ ಬಾಜೂಕ ದ್ರಾಕ್ಷಿ ಇದ್ರ ಇದನ್ನ ಮುಟ್ಟಬ್ಯಾಡ್ರಿ. ಗಾಳಿಗೆ ನಾಕು ಹನಿ ಹಾರಿದ್ರೂ ಅವರ ವರ್ಷದ ಬೆಳಿ ಹೋತು.’

ಬಾಜೂಕ ದ್ರಾಕ್ಷಿ ಇತ್ತು. ಯಲ್ಲಾಲಿಂಗನ ಮೂರು ಎಕರೆ, ಕಾಯಿ ಕಟ್ಟಿ ನಿಂತಿದ್ದವು. ಗುರಲಿಂಗಪ್ಪ ಮನೆಗೆ ಬಂದವನೇ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದ. ಕೆಟ್ಟ ಮನುಷ್ಯನಲ್ಲ. ಪಂಪಿನ ಕೋಲನ್ನು ನೆಲಕ್ಕೆ ಹಚ್ಚಿ ಹೊಡೆದರೆ ಯಾರಿಗೂ ಏನೂ ಆಗುವುದಿಲ್ಲವೆಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡ, ಅಷ್ಟೇ.

ಭಾನುವಾರ ಬೆಳಗ್ಗೆ ಹೊಲಕ್ಕೆ ಬಂದು ಗುಂಡಿ ಒತ್ತಿದರೆ ಪಂಪು ಮಿಸುಕಲಿಲ್ಲ. ರಾತ್ರಿ ಪ್ಲಗ್ಗು ಹಾಕಿದ್ದು ನೆನಪಿತ್ತು, ಸ್ವಿಚ್ಚು ಹಾಕಿದ್ದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಪೈಪು ಜೋಡಿಸಿದ, ಮೂರು ವಾಷರು ಹೆಚ್ಚಿಗೆ ಉಳಿದವು. ಬಿಚ್ಚಿ ಮತ್ತೆ ಜೋಡಿಸಿದ, ಈ ಸಲ ಒಂದು ಕಡಿಮೆ ಬಿತ್ತು. ಬರೀ ನೀರು ತುಂಬಿ ನೋಡಿದರೆ ಮುಂದೆ ಬರಬೇಕಾದ ನೀರು ಹಿಂದಿನಿಂದ ಇಳಿದು ಧೋತರ ತೋಯಿಸಿತು. ಇಷ್ಟು ಹೊತ್ತೂ ಬದುವಿನ ಮೇಲೆ ನಿಂತು ನೋಡುತ್ತಿದ್ದ ಯಲ್ಲಾಲಿಂಗ ಇನ್ನು ತಡೆಯಲಾರದೆ ಇಳಿದು ಬಂದ.

‘ಪಂಪು ತಂದೀರಿ? ಏನ ಹೊಡ್ಯಾಕತ್ತೀರಿ ಸಾಹೇಬ್ರ?’

‘ಲಿಂಬಿ ಗಿಡಕ್ಕ ಟಾನಿಕ್ಕಪ್ಪಾ,’ ಎಂದ ಗುರಲಿಂಗಪ್ಪ. ಬಬಲೇಶ್ವರ ದಾಟಿದಾಗಿನಿಂದ ಇದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

‘ಭಾರಿ ಆತು ಬಿಡ್ರಿ! ತರ್ರಿ ಇಲ್ಲೆ.’

ಯಲ್ಲಾಲಿಂಗ ಎರಡು ನಿಮಿಷದಲ್ಲಿ ಪಂಪು ಬಿಚ್ಚಿ, ವಾಷರು ಕೂಡಿಸಿ, ಕೋಲಿನ ಮೂತಿ ಬಿಗಿದ. ‘ಬ್ಯಾಟರಿ ಸತ್ತೈತಿ. ಇರ್ಲಿ, ಕೈ ಹಿಡಿಕಿ ಐತಲ್ಲ. ಆದ್ರ ನಿಮ್ಮ ನೀರು ಸವಳ, ಔಷಧ ಹತ್ತೂದಿಲ್ಲ. ನಮ್ಮ ತೊಟ್ಟ್ಯಾಗ ಕಲಿಸ್ಕೊಂಡು ಬರ್ತೇನಿ, ಕುಂದರ್ರಿ.’ ಬೇಡವೆನ್ನುವುದರೊಳಗೆ ಪಂಪು, ಡಬ್ಬಿ ಎರಡೂ ಬದು ದಾಟಿದವು. ಸ್ವಲ್ಪ ಹೊತ್ತಿಗೆ ತುಂಬಿದ ಪಂಪನ್ನು ತನ್ನ ಬೆನ್ನಿಗೇ ಹಾಕಿಕೊಂಡು ಬಂದ.

‘ವಯಸ್ಸಾದವ್ರು ನೀವ್ಯಾಕ ತ್ರಾಸ ತಗೋತೀರಿ? ನಾನ ಹೊಡೀತೇನಿ.’

ನೇರ ಮೊದಲ ಲಿಂಬೆ ಗಿಡದ ಮುಂದೆ ನಿಂತ. ಗುರಲಿಂಗಪ್ಪ ಹಿಂದೆಯೇ ಓಡಿದ. ನಿಜ ಹೇಳಿದರೆ ಈ ಜನ್ಮದಲ್ಲಿ ಯಲ್ಲಾಲಿಂಗನಿಗೆ ಮುಖ ತೋರಿಸುವಂತಿಲ್ಲ. ಹೇಳದಿದ್ದರೆ ವಿದ್ಯಾವತಿಯ ಗಿಡ ಕಣ್ಣೆದುರೇ ಸುಟ್ಟುಹೋಗುತ್ತದೆ.

‘ತಮ್ಮಾ, ಆ ಗಿಡ ಬ್ಯಾಡ. ಅದು ಛಲೋನ ಐತಿ.’

‘ಛಲೋ ಇದ್ದದ್ದಕ್ಕ ಮೊದಲ ಕೊಡಬೇಕ್ರಿ!’

ಗುರಲಿಂಗಪ್ಪ ಗಿಡಕ್ಕೆ ಅಡ್ಡ ಹೋಗಿ ನಿಂತ. ‘ಸರೀರಿ ಸಾಹೇಬ್ರ, ಮೈಮ್ಯಾಲ ಬೀಳತೈತಿ,’ ಎನ್ನುತ್ತಲೇ ಯಲ್ಲಾಲಿಂಗ ಅವನ ಬೆನ್ನಿಗೂ ಗಿಡಕ್ಕೂ ಕೂಡಿಯೇ ಹೊಡೆದ. ಎರಡನೆಯ ಗಿಡವೂ ಎಲೆಯೆಲೆ ತೋಯ್ದಿತು. ಪುಣ್ಯಕ್ಕೆ ಅಷ್ಟರಲ್ಲಿ ದ್ರಾಕ್ಷಿ ಪಡದಿಂದ ಅವನ ಆಳುಗಳು ಕೂಗಿ ಕರೆದರು.

‘ಉಳದ ಗಿಡಕ್ಕ ನೀವ ಹೊಡೀರಿ. ಸಂಜಿಗೆ ಬರ್ತೇನಿ,’ ಎಂದು ಪಂಪು ಇಳಿಸಿ ಅವನು ಹೋದ.

ಗುರಲಿಂಗಪ್ಪ ತಡಮಾಡಲಿಲ್ಲ. ಪಂಪು ಬೆನ್ನಿಗೇರಿಸಿ, ಹೊಲದ ನಡುವೆ ಮಂದಿ ಕೂತು ಉಣ್ಣುವ ಜಾಗಕ್ಕಾದರೂ ಆಗಲೆಂದು ನುಗ್ಗಿದ. ಕೋಲನ್ನು ನೆಲಕ್ಕೆ ಹಚ್ಚಿ, ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ ಹಿಡಿಕೆ ಜಗ್ಗುತ್ತ ಒಂದು ಕಡ್ಡಿಯನ್ನೂ ಬಿಡದೆ ತೋಯಿಸಿದ. ಪಂಪು ಖಾಲಿಯಾದಾಗ ಸೊಂಟ ಮೇಲೇಳಲೊಲ್ಲದು. ಬೆನ್ನು ಉರಿಯುತ್ತಿದೆ ಎನಿಸಿತು. ಆದರೂ ಗಿಡದ ಜೀವ ಮೊದಲೆಂದು ಕೊಡ ತೆಗೆದುಕೊಂಡು, ಬಾವಿಯಿಂದ ನೀರು ಹೊತ್ತು, ಎರಡೂ ಲಿಂಬೆ ಗಿಡಗಳ ಒಂದೊಂದು ಎಲೆಯನ್ನೂ ಟವೆಲಿನಿಂದ ತಿಕ್ಕಿ ತೊಳೆಯತೊಡಗಿದ. ಮುಳ್ಳು ಚುಚ್ಚಿ ಕೈಯೆಲ್ಲ ರಕ್ತ. ಇಪ್ಪತ್ತು ಕೊಡದ ನಂತರ ಎಣಿಸುವುದನ್ನು ಬಿಟ್ಟ.

ಮೇವು ಹೊತ್ತುಕೊಂಡು ಹೊರಟಿದ್ದ ಯಲ್ಲಾಲಿಂಗನ ತಾಯಿ ಸಾವಂತ್ರವ್ವ ನಿಂತು ನೋಡಿದಳು.

‘ಇದೇನೋ ಯಪ್ಪಾ, ಗಿಡಕ್ಕ ಜಳಕಾ ಮಾಡ್ಸಾಕತ್ತೀಯೇನು?’

‘ಧೂಳಾಗಿತ್ತಬೇ.’

‘ಸಾಬಾಣನೂ ಹಚ್ಚು ಹಂಗಾರ,’ ಎಂದು ಮುದುಕಿ ಮುಂದೆ ಹೋಗಿ, ಆ ಸುದ್ದಿಯನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಸಂಜೆ ಯಲ್ಲಾಲಿಂಗ ಬಂದಾಗ ಗುರಲಿಂಗಪ್ಪ ಬದುವಿಗೊರಗಿ ಕಾಲು ಚಾಚಿದ್ದ.

‘ಹೊಡದ ಔಷಧ ಯಾಕ ತೊಳದ್ರಿ ಸಾಹೇಬ್ರ?’

ಗುರಲಿಂಗಪ್ಪನಿಗೆ ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ. ‘ತಮ್ಮಾ, ತಪ್ಪಾತು. ಅದು ಟಾನಿಕ್ಕಲ್ಲ, ಕಸದ ಎಣ್ಣಿ. ಅಮಾಸಿಗೆ ಮಂದಿ ಬರ್ತಾರಂತ... ನಿನಗ ಮೋಸ ಮಾಡಿದೆ,’ ಎಂದು ಕೈ ಹಿಡಿದುಕೊಂಡ. ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

ಯಲ್ಲಾಲಿಂಗ ನಕ್ಕ. ‘ಗೊತ್ತೈತ್ರಿ. ಟಾನಿಕ್ಕಿನ ಡಬ್ಬಿ ಚೀಟಿ ಯಾರ ಕೆರೀತಾರ? ಮುಚ್ಚಳ ತಗದು ವಾಸನಿ ನೋಡಿದೆ. ಹಿರ್ಯಾರಿಗೆ ಮುಖದ ಮ್ಯಾಲ ಹೆಂಗ ಹೇಳೂದು? ಡಬ್ಬಿ ನಮ್ಮ ಮನ್ಯಾಗ ಇಟ್ಟು, ದ್ರಾಕ್ಷಿ ಕಾಯಿ ಉದ್ದ ಬರೂ ಔಷಧ, ಮ್ಯಾಲ ಒಂದೀಟು ಗೊಬ್ಬರದ ನೀರು ತುಂಬಿ ತಂದೆ. ನಿಮ್ಮ ಲಿಂಬಿಗೆ ಏನೂ ಆಗಿಲ್ಲ.’

‘ನನ್ನ ಬೆನ್ನ ಮ್ಯಾಲ ಬಿದ್ದದ್ದು?’

‘ಹೆಚ್ಚಂದ್ರ ನಾಕು ಬೆರಳು ಎತ್ತರ ಆಗ್ತೀರಿ.’

ಗುರಲಿಂಗಪ್ಪ ಅಳುತ್ತಲೇ ನಕ್ಕ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಯಲ್ಲಾಲಿಂಗನೂ ಪಕ್ಕದಲ್ಲಿ ಕೂತು ಎಲೆ ಅಡಿಕೆ ತೆಗೆದ.

‘ಅದಿರ್ಲಿ, ಗಿಡದ್ದು ತೊಳದ್ರಿ. ಉಳದ ಪಂಪು ಎಲ್ಲಿ ಹೊಡದ್ರಿ?’

ಗುರಲಿಂಗಪ್ಪ ಹೊಲದ ನಡುವೆ ಬೆರಳು ತೋರಿಸಿದ. ಯಲ್ಲಾಲಿಂಗ ಅತ್ತ ನೋಡಿದ, ಇವನನ್ನು ನೋಡಿದ. ಬಾಯಿಗೊಯ್ದ ಎಲೆ ಕೈಯಲ್ಲೇ ಉಳಿಯಿತು.

‘ಎಲ್ಲಾನೂ ಕಸಕ್ಕ?’

‘ಒಂದು ಕಡ್ಡೀನೂ ಬಿಟ್ಟಿಲ್ಲಪ್ಪಾ. ಆ ಡಬ್ಬಿ ಕೊಡತೀಯೇನು?’

‘ದ್ರಾಕ್ಷಿ ಕಡದಮ್ಯಾಲ ಕೊಡ್ತೇನ್ರಿ. ಮಾರ್ಚದಾಗ.’

ಅಷ್ಟರಲ್ಲಿ ಫೋನು ಬಂತು. ವಿದ್ಯಾವತಿ.

‘ಏನ್ರಿ, ಔಷಧ ಹೊಡದ್ರ್ಯಾ? ಹತ್ತತೈತೇನು?’

‘ಹೊಡದೀನಿ. ಭಾಳ ಛಲೋ ಹತ್ತತೈತಂತ.’

‘ಅಯ್ಯ, ನನ್ನ ಮಾನ ಉಳಿಸಿದ್ರಿ ನೋಡ್ರಿ!’ ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಎಷ್ಟು ವರ್ಷವಾಗಿತ್ತೋ. ‘ಹಂಗಾರ ಇನ್ನೂ ಇಪ್ಪತ್ತು ಮಂದಿಗೆ ಹೇಳ್ತೇನಿ. ಎಲ್ಲಾರನೂ ಎಲ್ಲಿ ಕುಂದರ್ಸೂದು, ಜಾಗಾ ನೋಡೀರೇನು?’

‘ನೋಡೀನಿ,’ ಎಂದ ಗುರಲಿಂಗಪ್ಪ. ‘ನಟ್ಟನಡುವ.’