ಒಂದು ದ್ವೀಪದ ಮೇಲೆ ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರಬೇಕು. ಪಕ್ಕದ ಮನೆಯವರ ಕಾರು, ಸಹೋದ್ಯೋಗಿಯ ಬಡ್ತಿ, ಸ್ವಂತ ತಮ್ಮನ ತಲೆಗೂದಲು, ಇಂಥವುಗಳ ಮೇಲೆ ಹೊಟ್ಟೆಕಿಚ್ಚುಪಡುವವರನ್ನು ಲೋಕ ಅರ್ಥಮಾಡಿಕೊಳ್ಳುತ್ತದೆ, ಕಾಫಿ ಕೊಟ್ಟು ಸಮಾಧಾನ ಹೇಳುತ್ತದೆ. ನನ್ನದು ಹೇಳಿಕೊಳ್ಳುವಂಥದ್ದಲ್ಲ. ನಾನು ಹೊಟ್ಟೆಕಿಚ್ಚುಪಡುತ್ತಿರುವುದು ಒಂದು ದ್ವೀಪದ ಮೇಲೆ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ, ಯಾರ ಗೊಡವೆಗೂ ಹೋಗದೆ ಕುಳಿತಿರುವ, ಹೆಚ್ಚೆಂದರೆ ನಮ್ಮ ಕಡೆಯ ಒಂದು ತಾಲ್ಲೂಕಿನಷ್ಟಿರುವ ಮ್ಯಾನ್ ದ್ವೀಪ. ಅದು ನನಗೆ ಮಾಡಿದ ಅನ್ಯಾಯ ಇಷ್ಟೇ: ನನ್ನ ಹೆಂಡತಿ ಸ್ಮಿತಾ ಅದರ ಭಾಷೆ ಕಲಿಯುತ್ತಿದ್ದಾಳೆ.

ನಾನು ಲೆಕ್ಕದ ಮನುಷ್ಯ. ಹೈಸ್ಕೂಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಡಚ್ಚರ ನಾಡಿನ ಈ ವೂರ್‌ಬರ್ಗ್ ಊರಿನ ನಮ್ಮ ಮನೆಯಿಂದ ಕಾಪೆಲ್ಲೆಯ ಆಫೀಸಿಗೆ ಹೋಗುವ ರೈಲು ಈ ವರ್ಷ ಎಷ್ಟು ಸಲ ತಡವಾಯಿತು, ಎದುರು ಮನೆಯ ಅಜ್ಜಿ ಎಷ್ಟು ಸಲ ನಕ್ಕರು, ಎಲ್ಲವೂ ಅದರಲ್ಲಿದೆ. ನವೆಂಬರ್ 16ರಂದು ಸ್ಮಿತಾ ಲ್ಯಾಪ್‌ಟಾಪಿನಲ್ಲಿ ಮ್ಯಾಂಕ್ಸ್ ಭಾಷೆಯ ತರಗತಿಗೆ ಸೇರಿದಳು. ಈ ದೇಶದಲ್ಲಿ ಬದುಕಲು ಬೇಕಾದ ಡಚ್ ಭಾಷೆಯಲ್ಲಿ ಅವಳಿಗೆ ಬರುವುದು ಅಂಗಡಿಯಲ್ಲಿ ರಸೀದಿ ಬೇಡ ಎನ್ನುವಷ್ಟು ಮಾತ್ರ. ‘ಮತ್ತೆ ಇದು ಯಾಕೆ?’ ಎಂದರೆ, ‘ಅದು ಸತ್ತೇ ಹೋಗಿತ್ತು ಕಣೋ, ಜನ ಹಟ ಮಾಡಿ ಬದುಕಿಸ್ಕೊಂಡ್ರು. ಕ್ಯೂಟ್ ಅಲ್ವಾ?’ ಎಂದಳು. ನವೆಂಬರ್ 17ರಿಂದ ನನ್ನ ದಿನಚರಿಯಲ್ಲಿ ‘ದ್ವೀಪ’ ಎಂಬ ಹೊಸ ಕಾಲಂ ಶುರುವಾಯಿತು. ಅವಳು ಅದರ ಹೆಸರೆತ್ತಿದಾಗಲೆಲ್ಲ ಒಂದು ಗೀಟು. ಸರಾಸರಿ ದಿನಕ್ಕೆ ಆರು, ಶನಿವಾರ ಹನ್ನೊಂದು.

ಬೆಳಗಿನ ಉಪ್ಪಿಟ್ಟಿನ ಜೊತೆ ನನಗೆ ಆ ದ್ವೀಪವನ್ನೂ ಬಡಿಸಲಾಗುತ್ತದೆ. ಅಲ್ಲಿಯ ಬೆಕ್ಕುಗಳಿಗೆ ಬಾಲವಿಲ್ಲ. ಬಾಲದಲ್ಲಿ ಉಳಿಸಿದ್ದನ್ನು ಕುರಿಗಳಿಗೆ ಕೊಟ್ಟಂತೆ, ಅಲ್ಲಿಯ ಕೆಲವು ಕುರಿಗಳಿಗೆ ನಾಲ್ಕು ಕೊಂಬು. ಅದು ಬ್ರಿಟನ್ನಿಗೆ ಸೇರಿದ್ದಲ್ಲ, ತನ್ನದೇ ನೋಟು, ತನ್ನದೇ ಅಂಚೆಚೀಟಿ. ವೈಕಿಂಗರ ಕಾಲದಿಂದ ಬಂದ ತನ್ನದೇ ಪಾರ್ಲಿಮೆಂಟು ವರ್ಷಕ್ಕೊಮ್ಮೆ ಬಯಲಿನಲ್ಲಿ, ಮೆಟ್ಟಿಲು ಮೆಟ್ಟಿಲಾದ ಹಸಿರು ದಿಬ್ಬದ ಮೇಲೆ ಸೇರುತ್ತದೆ, ಹೊಸ ಕಾನೂನುಗಳನ್ನು ಮ್ಯಾಂಕ್ಸ್ ಭಾಷೆಯಲ್ಲೂ ಓದಿ ಹೇಳುತ್ತಾರೆ. ಅಲ್ಲಿಯ ಬೆಟ್ಟದ ತುದಿಗೆ ಟ್ರಾಮಿನಲ್ಲಿ ಹೋಗಬಹುದು, ಮೋಡವಿಲ್ಲದ ದಿನ ಸುತ್ತಲಿನ ದೇಶಗಳೆಲ್ಲ ಕಾಣುತ್ತವೆ, ಜೊತೆಗೆ ಸ್ವರ್ಗವೂ ಕಾಣುತ್ತದೆಂದು ಅಲ್ಲಿಯವರು ಸೇರಿಸುತ್ತಾರೆ. ನಮ್ಮ ವೂರ್‌ಬರ್ಗ್‌ನಲ್ಲಿ ನನಗೆ ಗೊತ್ತಿರುವ ಅತಿ ಎತ್ತರದ ಭೂಭಾಗವೆಂದರೆ ಕಾಲುವೆಯ ಮೇಲಿನ ಸೈಕಲ್ ಸೇತುವೆ. ಅದರ ಮೇಲಿನಿಂದ ಕಾಲುವೆಯ ಇನ್ನೊಂದು ದಡ ಕಾಣುತ್ತದೆ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಮೇಷ್ಟರು. ಜುವಾನ್ ಎಂಬ ನಿವೃತ್ತ ಅಂಚೆಯಣ್ಣ, ವಯಸ್ಸು ಎಪ್ಪತ್ತರ ಮೇಲೆ, ಪರದೆಯ ತುಂಬ ಬಿಳಿ ಗಡ್ಡ. ಸ್ಮಿತಾ ಸರಿ ಹೇಳಿದರೆ ಶಭಾಸ್ ಎನ್ನುತ್ತಾರೆ, ತಪ್ಪು ಹೇಳಿದರೆ ಇನ್ನೂ ದೊಡ್ಡದಾಗಿ ಶಭಾಸ್ ಎನ್ನುತ್ತಾರೆ. ಆಡುವವರು ಕಡಿಮೆ ಇರುವ ಭಾಷೆಯಲ್ಲಿ ತಪ್ಪಾಗಿ ಆಡುವವರಿಗೂ ಬೆಲೆ ಇರಬೇಕು. ಡಿಸೆಂಬರ್ 14ರಂದು, ಒಂದೇ ಗಂಟೆಯಲ್ಲಿ, ನಾನು ಪಾತ್ರೆ ತೊಳೆಯುತ್ತಾ ಎಣಿಸಿದ ಶಭಾಸ್‌ಗಳು ಇಪ್ಪತ್ತೆರಡು. ಪಾತ್ರೆ ತೊಳೆದದ್ದಕ್ಕೆ ಒಂದೂ ಇಲ್ಲ.

ಈಗ ನಿಜವಾದ ನೋವು ಹೇಳುತ್ತೇನೆ. ನನ್ನ ಮನೆಮಾತು ತುಳು. ಲಕ್ಷಗಟ್ಟಲೆ ಜನ ಆಡುವ ಭಾಷೆ, ಆದರೆ ವೂರ್‌ಬರ್ಗ್‌ನಲ್ಲಿ ನನ್ನ ಪಾಲಿಗೆ ಅದು ವಾರಕ್ಕೊಮ್ಮೆ, ಉಡುಪಿಯಿಂದ ಅಮ್ಮ ಫೋನ್ ಮಾಡಿದಾಗ ಮಾತ್ರ ಹೊರಬರುತ್ತದೆ. ಉಳಿದ ದಿನ ಬಾಯೊಳಗೇ ಮುದುಡಿಕೊಂಡಿರುತ್ತದೆ. ಜೂನ್‌ನಲ್ಲಿ ಅಮ್ಮ ಮೂರು ತಿಂಗಳಿಗೆ ಬರುತ್ತಾರೆ. ಅವರು ಬಾಗಿಲಲ್ಲಿ ನಿಂತಾಗ ಮೈಸೂರಿನ ಸೊಸೆ ತುಳುವಿನಲ್ಲಿ ಒಂದು ಮಾತು ಆಡಬೇಕು, ಈ ಮನೆಯಲ್ಲಿ ಆ ಭಾಷೆ ಇನ್ನೊಂದು ಬಾಯಿಯಲ್ಲೂ ಇರಬೇಕು ಎಂಬುದು ನನ್ನ ಆಸೆ. ಮದುವೆಯಾಗಿ ನಾಲ್ಕು ವರ್ಷವಾಯಿತು. ಸ್ಮಿತಾಳಿಗೆ ಬರುವ ತುಳು ಪದಗಳು ಹನ್ನೊಂದು. ಅವುಗಳಲ್ಲಿ ಏಳು ತಿನ್ನುವಂಥವು, ಪತ್ರೊಡೆಯನ್ನೂ ಸೇರಿಸಿಕೊಂಡಿದ್ದೇನೆ, ಕೊಂಕಣಿಯವರು ಕ್ಷಮಿಸಬೇಕು. ಐದು ತಿಂಗಳಲ್ಲಿ ಅವಳು ಕಲಿತ ಮ್ಯಾಂಕ್ಸ್ ಪದಗಳು ಮುನ್ನೂರ ನಲವತ್ತು.

ಇದು ಸಾಲದೆಂದು ಒಂದು ಸೇತುವೆ ಬಂತು. ಆ ದ್ವೀಪದಲ್ಲಿ ಒಂದು ಪುಟ್ಟ ಸೇತುವೆ ಇದೆಯಂತೆ. ಅದನ್ನು ದಾಟುವವರು ಅಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಕಿರುದೇವತೆಗಳಿಗೆ ‘ಲೇ ಮೈ’, ಅಂದರೆ ಶುಭದಿನ, ಎನ್ನಬೇಕು. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ಯೋಚನೆಯಲ್ಲಿದ್ದ ಸ್ಮಿತಾ ನಮ್ಮ ಸೈಕಲ್ ಸೇತುವೆಯ ಮೇಲೆ ದಿನವೂ ಅಭ್ಯಾಸ ಮಾಡತೊಡಗಿದಳು. ಮದುವೆಯಾದ ಹೊಸತರಲ್ಲಿ ಊರಿನ ದೈವಸ್ಥಾನದ ಮುಂದೆ ಹೋಗುವಾಗ ನಾನು ಸ್ಕೂಟರಿನಿಂದ ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡಿದ್ದೆ. ಹಿಂದೆ ಕುಳಿತಿದ್ದ ಇದೇ ಸ್ಮಿತಾ, ‘ಯಾರಿಗೋ ಹಾಯ್ ಹೇಳ್ತಿದ್ದೀಯಾ?’ ಎಂದು ಮನೆ ಮುಟ್ಟುವವರೆಗೂ ನಕ್ಕಿದ್ದಳು. ತಾರೀಖು ಸಮೇತ ನನ್ನಲ್ಲಿದೆ.

ಮಾರ್ಚ್ 9ರಂದು ಅಮ್ಮ ಫೋನ್ ಮಾಡಿದಾಗ, ನನ್ನ ಪಕ್ಷ ವಹಿಸಲಿ ಎಂದೇ ನಾನು ಆ ಸೇತುವೆಯ ವಿಷಯ ಎತ್ತಿದೆ.

‘ಹಲೋ ಹೇಳ್ದೆ ಹೋದ್ರೆ ಬ್ಯಾಡ್ ಲಕ್ ಅಂತೆ ಅತ್ತೆ’ ಎಂದಳು ಸ್ಮಿತಾ.

‘ಅಂತೆ ಎಂತ? ಹೇಳ್ಲೇಬೇಕು’ ಎಂದರು ಅಮ್ಮ. ‘ಅವರ ಜಾಗದಲ್ಲಿ ಹೋಗುವಾಗ ಒಂದು ಮಾತು ಹೇಳದೆ ಹೋಗುವುದುಂಟಾ? ಅವರಿಗೆ ಕೋಳಿ ಗೀಳಿ ಕೊಡ್ಲಿಕ್ಕುಂಟಾ?’

‘ಇಲ್ಲ ಅತ್ತೆ. ಬರೀ ಹಲೋ.’

‘ಪಾಪ. ಸಣ್ಣ ಊರಲ್ವಾ’ ಎಂದರು ಅಮ್ಮ. ‘ಎಂತ ಹೇಳುವುದು ಅಂದೆ? ಲೇ ಮೈ?’

‘ಶಭಾಸ್ ಅತ್ತೆ. ಪರ್ಫೆಕ್ಟ್.’

ಮರುವಾರದಿಂದ ಅಮ್ಮ ನನ್ನನ್ನು ಮಾತಾಡಿಸುವುದು ‘ಲೇ ಮೈ ಮಗಾ’ ಎಂದು. ದ್ವೀಪ ಉಡುಪಿಯವರೆಗೂ ಬಂದಿತ್ತು.

ಏಪ್ರಿಲ್ 13, ಭಾನುವಾರ, ನನ್ನ ತಾಳ್ಮೆ ಮುಗಿಯಿತು. ‘ನಾಲ್ಕು ವರ್ಷದಲ್ಲಿ ಹನ್ನೊಂದು, ಐದು ತಿಂಗಳಲ್ಲಿ ಮುನ್ನೂರ ನಲವತ್ತು. ಏನ್ ಹೇಳ್ತೀಯ ಇದಕ್ಕೆ?’ ಎಂದೆ.

‘ಆ ಭಾಷೆಗೆ ಟೀಚರ್ ಇದ್ದಾರೆ ಕಣೋ’ ಎಂದಳು ಸ್ಮಿತಾ, ಬೀನ್ಸ್ ಹೆಚ್ಚುತ್ತಾ.

‘ಅಂದ್ರೆ?’

‘ಅಂದ್ರೆ ಏನಿಲ್ಲ. ನಿನ್ನ ಡೈರಿ ನೋಡ್ಕೋ. ಎಲ್ಲಾ ಬರ್ದಿಟ್ಟಿರ್ತೀಯಲ್ಲ.’

ನೋಡಿಕೊಳ್ಳುವುದರಲ್ಲಿ ನನಗೆ ಭಯವೇನು? ನಾಲ್ಕು ವರ್ಷದ ದಿನಚರಿಗಳನ್ನು ಮೇಜಿನ ಮೇಲೆ ಪೇರಿಸಿ, ಸಾಕ್ಷಿ ಹುಡುಕುವ ವಕೀಲನ ಉತ್ಸಾಹದಲ್ಲಿ ಕುಳಿತೆ. ಮದುವೆಯ ಮೊದಲ ವರ್ಷದಲ್ಲೇ ಸಿಕ್ಕಿತು: ‘ಸೆಪ್ಟೆಂಬರ್ 5. ಸ್ಮಿತಾ ತುಳು ಕಲಿಸು ಎಂದಳು. ಮುಂದಿನ ವಾರ ನೋಡೋಣ ಎಂದೆ.’ ಒಂದು ಸಲ ಹಾಗೆ ಹೇಳಿರಬಹುದು. ಪುಟ ತಿರುವಿದೆ. ‘ಅಕ್ಟೋಬರ್ 3. ಸ್ಮಿತಾ ಮತ್ತೆ ತುಳು ಕೇಳಿದಳು. ಆಫೀಸ್ ಕೆಲಸ. ಮುಂದಿನ ವಾರ.’ ಸಂಜೆಯ ಹೊತ್ತಿಗೆ ಸಿಕ್ಕಿದ ‘ಮುಂದಿನ ವಾರ’ಗಳು ಹತ್ತೊಂಬತ್ತು. ಎರಡು ಸಲ ಎಣಿಸಿದೆ. ಇಪ್ಪತ್ತನೆಯದು ಇರಲಿಲ್ಲ, ಅವಳು ಕೇಳುವುದನ್ನು ಬಿಟ್ಟಿದ್ದಳು. ಯಾವಾಗ ಬಿಟ್ಟಳೆಂಬುದೂ ನನ್ನದೇ ದುಂಡಗಿನ ಅಕ್ಷರದಲ್ಲಿತ್ತು: ‘ಫೆಬ್ರವರಿ 2. ಸ್ಮಿತಾ ತುಳುವಿನಲ್ಲಿ ಒಂದು ವಾಕ್ಯ ಹೇಳಿದಳು. ತಪ್ಪು. ತುಂಬ ನಕ್ಕೆ.’ ಆ ಮುದುಕ ಅಂಚೆಯಣ್ಣನ ಇಪ್ಪತ್ತೆರಡು ಶಭಾಸ್‌ಗಳು ಕಿವಿಯಲ್ಲಿ ಒಂದೊಂದಾಗಿ ಕೇಳಿಸಿದವು.

ಆ ವಾರವಿಡೀ ನಾನು ಬದಲಾದ ಮನುಷ್ಯ. ಹೊಸ ನೋಟ್‌ಪುಸ್ತಕ ತಂದೆ. ದಿನಕ್ಕೆ ಹತ್ತು ಪದದಂತೆ ಅಮ್ಮ ಬರುವಷ್ಟರಲ್ಲಿ ಎಷ್ಟಾಗುತ್ತದೆಂದು ಗುಣಿಸಿದೆ. ಕೆಂಪು ಶಾಯಿಯಲ್ಲಿ ಕಾಲಂ ಎಳೆದೆ. ಏಪ್ರಿಲ್ 20, ಬೆಳಿಗ್ಗೆ ಹನ್ನೊಂದಕ್ಕೆ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದೆ. ಸ್ಮಿತಾ ಅನ್ನದ ಕುಕ್ಕರಿಗೆ ಫೋನನ್ನು ಒರಗಿಸಿಕೊಂಡು ಕುಳಿತಿದ್ದಳು. ಪರದೆಯಲ್ಲಿ ಅಮ್ಮ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು, ಬಹಳ ಗಂಭೀರವಾಗಿ.

‘ನಾವು ಬದಲು ಮಾಡಿಕೊಳ್ಳುವುದು ಮಗಾ’ ಎಂದರು ಅಮ್ಮ. ‘ಅವಳದ್ದು ಒಂದು ಪದ, ನನ್ನದು ಒಂದು ಪದ. ಆ ಸೇತುವೆಯ ಮಾತು ಬಂದ ಮೇಲೆ ಶುರು ಮಾಡಿದ್ದು.’

ನನ್ನ ಹನ್ನೊಂದು ತಪ್ಪಾಗಿತ್ತು. ಐದು ವಾರದಿಂದ ತಪ್ಪಾಗಿಯೇ ಇತ್ತು. ‘ಈಗ ಎಷ್ಟಾಯ್ತು?’ ಎಂದು ಕೇಳಿದೆ, ಸ್ವರ ಸಣ್ಣದಾಗಿ.

‘ಲೆಕ್ಕ ಇಟ್ಟಿಲ್ಲ’ ಎಂದಳು ಸ್ಮಿತಾ.

ಕೆಂಪು ಕಾಲಮ್ಮಿನ ಪುಸ್ತಕ ಮುಂದಿಟ್ಟು, ನಾನೂ ಸೇರಿಕೊಳ್ಳಬಹುದೇ, ಇವತ್ತಿನಿಂದಲೇ ಕಲಿಸುತ್ತೇನೆ ಎಂದೆ. ಸ್ಮಿತಾ ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಒಂದಕ್ಷರವೂ ತಡವರಿಸದೆ, ನಾನು ಹತ್ತೊಂಬತ್ತು ಸಲ ಕನ್ನಡದಲ್ಲಿ ಹೇಳಿದ್ದನ್ನು ನನ್ನ ಭಾಷೆಯಲ್ಲೇ ಹೇಳಿದಳು:

‘ಬರ್ಪಿ ವಾರ ತೂಕ.’

ಅಂದಿನ ದಿನಚರಿ ಚಿಕ್ಕದು. ‘ಏಪ್ರಿಲ್ 20. ಸ್ಮಿತಾ ತುಳುವಿನಲ್ಲಿ ಒಂದು ವಾಕ್ಯ ಹೇಳಿದಳು. ತಪ್ಪಿಲ್ಲ. ತುಂಬ ನಕ್ಕವರು ಇಬ್ಬರು. ನಾನಲ್ಲ.’