ಲ್ಯಾಟಿನ್ನಿಗಾಗಿ ಬಿಟ್ಟ ಎಲೆಯಡಿಕೆ

ಪರೀಕ್ಷೆಯ ಹೆದರಿಕೆ ತಿಳಿಯಬೇಕಾದರೆ ಪರೀಕ್ಷೆಗೆ ಕೂರಲೇಬೇಕೆಂದಿಲ್ಲ. ನಾಲ್ಕನೆಯ ಕ್ಲಾಸಿನ ಪರೀಕ್ಷೆಯ ದಿನ ನಮ್ಮ ಎಮ್ಮೆ ಕರು ಹಾಕಿತು. ನನ್ನ ವಿದ್ಯೆ ಅಲ್ಲಿಗೇ ಮುಗಿಯಿತು. ಅಂಥ ನಾನು ಕಳೆದ ವರ್ಷ ವಾರಕ್ಕೊಂದು ಪರೀಕ್ಷೆಗೆ ಹೆದರಿ ಅರ್ಧ ದೇಹವಾದೆ. ಈಗ ಸಂತೋಷ ಒಳಗೆ ಹಿಡಿಸುತ್ತಿಲ್ಲ, ಅದಕ್ಕೇ ಆಗಿನ ಸಂಕಟವನ್ನು ಹೇಳಿಕೊಳ್ಳುವ ಧೈರ್ಯ ಬಂದಿದೆ.

ನನ್ನ ಮಗಳು, ಅಳಿಯ ಆಫ್ರಿಕಾದಲ್ಲಿ ಒಂದು ಚಹಾ ತೋಟದಲ್ಲಿದ್ದಾರೆ. ಮೊಮ್ಮಗಳು ಶಶಿ ಐದನೆಯ ಕ್ಲಾಸಿನವರೆಗೆ ಮೂಡುಬಿದಿರೆಯಲ್ಲಿ ನಮ್ಮ ಜೊತೆಗೇ ಇದ್ದಳು. ಆಮೇಲೆ ಅವಳನ್ನು ಕರೆಸಿಕೊಂಡು ನೈರೋಬಿಯ ಬೋರ್ಡಿಂಗ್ ಶಾಲೆಗೆ ಹಾಕಿದರು. ಇಂಗ್ಲಿಷರು, ಗ್ರೀಕರು, ಗುಜರಾತಿಗಳು, ಆ ದೇಶದವರು, ಎಲ್ಲರ ಮಕ್ಕಳೂ ಅಲ್ಲಿ ಒಟ್ಟಿಗೆ ಊಟ ಮಾಡುತ್ತಾರಂತೆ. ನಾನು ಊರೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಶಶಿಯ ಮೊದಲ ಕಾಗದ ಬಂತು. ‘ಅಜ್ಜಿ, ಇಪ್ಪತ್ತೆಂಟು ಮಕ್ಕಳಲ್ಲಿ ನಾನು ಇಪ್ಪತ್ತೇಳನೆಯವಳು. ಇಪ್ಪತ್ತೆಂಟನೆಯವಳಿಗೆ ಜ್ವರ, ಅವಳು ಪರೀಕ್ಷೆ ಬರೆದಿಲ್ಲ. ವರ್ಷದ ಕೊನೆಗೆ ಪಾಸಾಗದಿದ್ದರೆ ಕೆಳಗಿನ ಕ್ಲಾಸಿಗೆ, ಸಣ್ಣ ಮಕ್ಕಳ ಜೊತೆ ಕೂರಿಸುತ್ತಾರೆ.’

ಲ್ಯಾಟಿನ್ ಎಂಬ ಭಾಷೆಯೊಂದು ಅವಳನ್ನು ಹಿಂಡುತ್ತಿತ್ತು. ಅದನ್ನು ಮಾತಾಡುವ ಜನ ಈಗ ಯಾವ ಊರಿನಲ್ಲೂ ಇಲ್ಲವಂತೆ. ಹಾಗಿದ್ದ ಮೇಲೆ ತಪ್ಪು ಬರೆದರೆ ಬೇಸರ ಮಾಡಿಕೊಳ್ಳುವವರಾದರೂ ಯಾರು?

ನಮ್ಮ ಕಡೆ ಒಂದು ಕ್ರಮವಿದೆ. ಬಯಸಿದ್ದು ಕೈಗೂಡುವ ತನಕ ಇಷ್ಟದ ತಿನಿಸೊಂದನ್ನು ಮುಟ್ಟುವುದಿಲ್ಲವೆಂದು ಮನೆಯ ದೈವದ ಮುಂದೆ ಹೇಳಿಕೊಳ್ಳುವುದು. ನಾನು ಲ್ಯಾಟಿನ್ನಿಗೆ ಎಲೆಯಡಿಕೆ ಬಿಟ್ಟೆ. ಪರೀಕ್ಷೆ ವರ್ಷಕ್ಕೊಂದೇ ಎಂದುಕೊಂಡಿದ್ದೆ, ನಮ್ಮ ಶಾಲೆಗಳ ಹಾಗೆ. ಆ ಪುಣ್ಯಾತ್ಮರು ಪ್ರತಿ ಶುಕ್ರವಾರವೂ ಪರೀಕ್ಷೆ ಇಡುತ್ತಾರೆ! ಒಂದು ಕಾಗದದಲ್ಲಿ ಇಂಗ್ಲಿಷು ಹೋಯಿತು, ಕಾಫಿ ಬಿಟ್ಟೆ. ಇನ್ನೊಂದರಲ್ಲಿ ಗಣಿತ, ಬೂತಾಯಿ ಮೀನು ಬಿಟ್ಟೆ. ಭೂಗೋಳಕ್ಕೆ ಉಪ್ಪಿನಕಾಯಿ. ಮೀನಿನವಳು ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದರೆ ನಾನು ಬಾವಿಕಟ್ಟೆಯ ಕಡೆಗೆ ಓಡುತ್ತಿದ್ದೆ.

ನಮ್ಮ ಯಜಮಾನರು ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರರಾಗಿದ್ದವರು, ಯಾರಿಗೂ ದಾಕ್ಷಿಣ್ಯ ಮಾಡಿದವರಲ್ಲ. ಒಂದು ದಿನ ನನ್ನ ಬಟ್ಟಲು ನೋಡಿ, “ಎಂತ ಮಾರಾಯ್ತಿ ಇದು? ಇನ್ನೆಂತ ಉಂಟು ಬಿಡ್ಲಿಕ್ಕೆ? ನನ್ನನ್ನಾ?” ಎಂದರು.

“ಚರಿತ್ರೆಯ ಪರೀಕ್ಷೆ ಬರ್ಲಿ, ನೋಡುವ,” ಎಂದೆ.

ಅವರು ಅದಕ್ಕೆ ಸೇಡು ತೀರಿಸಿಕೊಂಡರು. ನಾನು ಬರೆದ ಕಾಗದದ ಅಡಿಯಲ್ಲಿ ನನಗೆ ತಿಳಿಸದೆ ಎರಡು ಸಾಲು ಸೇರಿಸಿದ್ದರು: ‘ನಿನ್ನ ಅಜ್ಜಿ ಈಗ ಗಂಜಿ, ಉಪ್ಪು ಮಾತ್ರ ಉಣ್ಣುವುದು. ಬೇಗ ಪಾಸಾಗು.’

ಉತ್ತರ ಬಂತು. ‘ಅಜ್ಜಿ, ಟೀಚರ ಹೆದರಿಕೆ ಹೋಗಿ ನನಗೀಗ ನಿಮ್ಮದೇ ಹೆದರಿಕೆ. ಮೊನ್ನೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನಿಮ್ಮ ಗಂಜಿಯ ಬಟ್ಟಲು ನೆನಪಾಗಿ ಅಳು ಬಂತು. ಅರ್ಧ ಬರೆದು ಎದ್ದೆ. ನಿಮ್ಮ ಹಾಗೆ ನಾನೂ ಬೆಳಗ್ಗಿನ ಹಾಲು ಬಿಟ್ಟಿದ್ದೇನೆ.’

ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಊರಲ್ಲದ ಊರಿನಲ್ಲಿ ಆ ಮಗುವನ್ನು ಅರೆಯುವುದಕ್ಕೆ ಅಷ್ಟು ದೇಶಗಳವರು ಇದ್ದರು. ಸಾಲದೆಂದು ಮೂಡುಬಿದಿರೆಯಲ್ಲಿ ಕೂತು ನಾನೂ ಕೈ ಸೇರಿಸಿದ್ದೆ.

ಸ್ನಾನ ಮಾಡಿ ದೈವದ ಮುಂದೆ ತಪ್ಪುಕಾಣಿಕೆ ಇಟ್ಟೆ. “ನನ್ನ ಮಾತು ನಾನು ಹಿಂದಕ್ಕೆ ತೆಗೆದುಕೊಳ್ತೇನೆ. ಸಿಟ್ಟಿದ್ದರೆ ನನ್ನ ಮೇಲೆ ಇರ್ಲಿ, ಅವಳ ಮೇಲೆ ಬೇಡ,” ಎಂದೆ. ಮಧ್ಯಾಹ್ನ ಬೂತಾಯಿ ಪುಳಿಮುಂಚಿ ಸಾರು, ಉಪ್ಪಿನಕಾಯಿ, ಮೇಲೆ ಕಾಫಿ, ಕೊನೆಗೆ ಎಲೆಯಡಿಕೆ. ತಿಂಗಳುಗಟ್ಟಲೆ ಬಿಟ್ಟದ್ದಕ್ಕೋ ಏನೋ, ತಲೆ ಗಿರ್ರೆಂದು ಕಂಬ ಹಿಡಿದು ಕೂತೆ. ಯಜಮಾನರು ಗಾಳಿ ಹಾಕುತ್ತಾ, “ದೈವ ಇಷ್ಟು ಬೇಗ ಉತ್ತರ ಕೊಡುವುದು ಅಪರೂಪ,” ಎಂದರು. ಹಾಗೆ ಕೂತುಕೊಂಡೇ ಶಶಿಗೆ ಬರೆದೆ: ‘ಎಲ್ಲ ತಿಂದಾಯಿತು. ನೀನು ಹಾಲು ಕುಡಿ. ಕೆಳಗಿನ ಕ್ಲಾಸಿನಲ್ಲಿ ಕೂರಿಸಿದರೆ ಕೂತುಕೋ, ಆಕಾಶ ಬೀಳುವುದಿಲ್ಲ.’ ಬರೆದು ಹಾಕಿದವಳಿಗೆ ಮತ್ತೆ ಎರಡು ತಿಂಗಳು ಒಂದು ತುತ್ತೂ ನೆಮ್ಮದಿಯಿಂದ ಇಳಿಯಲಿಲ್ಲ. ಆಕಾಶ ಬಿದ್ದರೆ ತಿಂದವಳೇ ಹೊಣೆಯಲ್ಲವೇ?

ಮೊನ್ನೆ ಕಾಗದ ಬಂದಿದೆ. ಶಶಿ ಪಾಸು! ಹತ್ತೊಂಬತ್ತನೆಯವಳು! ಅಂಚೆಯವನಿಗೆ ಎರಡು ಸಲ ಓದಿ ಹೇಳಿದೆ, ಬಸದಿಯ ಬೀದಿಯ ಹೂವಿನವಳಿಗೂ ಹೇಳಿದೆ. ಇಷ್ಟು ಹಿಗ್ಗು ಅವಳ ತಾಯಿ ಹುಟ್ಟಿದ ದಿನವೂ ನನಗೆ ಆಗಿರಲಿಲ್ಲ.

ಸುದ್ದಿ ಕೇಳಿ ನೆರೆಮನೆಯ ಕಮಲಕ್ಕ ಓಡಿ ಬಂದರು. ಅವರ ಮಗಳಿಗೆ ಈ ಸಲ ಎಸ್ಸೆಸ್ಸೆಲ್ಸಿ. “ಅಕ್ಕಾ, ನಿಮ್ಮ ಹರಕೆಗೆ ಭಾರೀ ಶಕ್ತಿ ಉಂಟು. ನಾನೆಂತ ಬಿಡ್ಬೇಕು ಹೇಳಿ,” ಎಂದು ಕೈ ಹಿಡಿದುಕೊಂಡರು. ನಿಜ ಹೇಳಲು ಬಾಯಿ ತೆರೆದೆ. ಆದರೆ ಎಮ್ಮೆಯ ದೆಸೆಯಿಂದ ಶಾಲೆ ಬಿಟ್ಟವಳ ಹತ್ತಿರ ವಿದ್ಯೆಯ ವಿಷಯಕ್ಕೆ ಸಲಹೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. “ತುಂಬ ಇಷ್ಟದ್ದನ್ನೇ ಬಿಡ್ಬೇಕು,” ಎಂದುಬಿಟ್ಟೆ.

ಕಮಲಕ್ಕ ಬೆಲ್ಲ ಬಿಟ್ಟಿದ್ದಾರೆ. ಅವರ ಮಗಳು ಗಟ್ಟಿಯಾಗಿ ಓದುವುದು ನಮ್ಮ ಜಗಲಿಗೆ ಕೇಳಿಸುತ್ತದೆ. ನಡುವೆ ಅವಳ ಸ್ವರ ನಡುಗಿದಾಗ ನಾನು ಮೆಲ್ಲಗೆ ಎದ್ದು ಒಳಗೆ ಹೋಗುತ್ತೇನೆ.