ಫುಲ್ ಡ್ಯುಪ್ಲೆಕ್ಸ್

ಜಿವಾನ್ ತನ್ನ ಜಾಣತನವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರೆ ಆ ಶನಿವಾರ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ತೀಸಾ ನದಿಯ ದಂಡೆಯ ಆ ಪುಟ್ಟ ಊರಿನ ಪುರಸಭೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೊಬ್ಬನೇ. ಅಲ್ಲಿನ ಹಳೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕಿತ್ತು. ಒಂದೊಂದರ ಮುಂದೆಯೂ ಹೋಗಿ ಕೂರುವ ಬದಲು, ಹಿಂದಿನ ಕೋಣೆಯ ಸರ್ವರ್‌ನಿಂದ ನೆಟ್‌ವರ್ಕ್ ತಂತಿಯಲ್ಲೇ ಎಲ್ಲಕ್ಕೂ ಬಡಿಸಿಬಿಡೋಣವೆಂದು ಶುಕ್ರವಾರ ಸಂಜೆ ಅದಕ್ಕೆ ಬೇಕಾದ ಫೈಲು ಬರೆದಿಟ್ಟ. ತಂತಿಯ ಎರಡು ತುದಿಗಳೂ ಮಾತಾಡಿಕೊಂಡು ತಮ್ಮ ವೇಗವನ್ನು ತಾವೇ ಗೊತ್ತುಮಾಡಿಕೊಳ್ಳುತ್ತವೆ, ಬಿಟ್ಟರೆ ಸಾಕಿತ್ತು. ಬಿಡಲಿಲ್ಲ. 'ನೂರು ಮೆಗಾಬಿಟ್, ಫುಲ್ ಡ್ಯುಪ್ಲೆಕ್ಸ್' ಎಂದು ಕಂಪ್ಯೂಟರಿನ ಕಡೆಗೆ ತಾನೇ ಒಂದು ಸಾಲು ಸೇರಿಸಿ, ಮಗಳ ಮದುವೆ ಗೊತ್ತುಮಾಡಿದ ತಂದೆಯಂತೆ ಹಗುರಾಗಿ ಮನೆಗೆ ಹೋದ.

ಬೆಳಿಗ್ಗೆ ಮುಖ್ಯಾಧಿಕಾರಿ ರಾಡಿವೋಯ್ ಹೇಳಿದರು, "ಮಧ್ಯಾಹ್ನ ಇಲ್ಲೇ ಮದುವೆ ಇದೆ ಕಣಯ್ಯ. ಅಷ್ಟರೊಳಗೆ ಮದುವೆ ಹಾಲ್‌ನ ಕಂಪ್ಯೂಟರ್ ಏಳ್ಬೇಕು. ಸರ್ಟಿಫಿಕೇಟ್ ಬರ್ಲಿಲ್ಲ ಅಂದ್ರೆ ಊರಲ್ಲಿ ತಲೆ ಎತ್ತೋಕಾಗಲ್ಲ."

"ನಿಮ್ಮ ಕಾಫಿ ಆರೋದರೊಳಗೆ ಮುಗಿಸ್ತೀನಿ ಸಾಹೇಬ್ರೆ."

ಕಾಫಿ ಆರಿತು. ಇನ್ನೊಂದು ಬಂತು, ಅದೂ ಆರಿತು. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ನೀಲಿ ಪಟ್ಟಿ ಮಾತ್ರ ಸೊಂಟ ಹಿಡಿದ ಮುದುಕನಂತೆ ನಿಂತಲ್ಲೇ ನಿಂತಿತ್ತು. ಹೊರಗೆ ಆಗಲೇ ದಿಬ್ಬಣ ಬಂದಿಳಿದು ತುತ್ತೂರಿಯ ವಾದ್ಯದವರು ಕಿಟಕಿಯ ಗಾಜು ಅದುರುವಂತೆ ಊದತೊಡಗಿದ್ದರು. ಮದುಮಗಳು ಬಿಗಿಯಾದ ಚಪ್ಪಲಿ ಕಳಚಿಟ್ಟು ಬೆಂಚಿನ ಮೇಲೆ ಕೂತಳು.

"ಏನಾಯ್ತು?" ಎಂದರು ರಾಡಿವೋಯ್.

"ತಂತಿ ಸರಿಯಿಲ್ಲ ಅನ್ಸತ್ತೆ. ಪಾಂತಾ ನೆಲ ಒರೆಸುವಾಗ ತುಳಿದಿರ್ಬೇಕು."

ಬಾಗಿಲು ಕಾಯುವ ಪಾಂತಾ ಒರೆಸುವ ಕೋಲು ಹಿಡಿದೇ ಬಂದ. "ನಾನು ತುಳಿಯೋದಾ? ಇಷ್ಟು ವರ್ಷ ಒರೆಸ್ತಿದೀನಿ, ಒಂದು ಜಿರಳೆ ಕೂಡ ತುಳಿದಿಲ್ಲ." ತಂತಿ ಬದಲಾಯಿಸಿದರು. ಪಟ್ಟಿ ಕದಲಲಿಲ್ಲ. ಮದುಮಗನ ಹಿರಿಯ ಸಾಕ್ಷಿ, ಎದೆಗೆ ಹೂ ಚುಚ್ಚಿಕೊಂಡ ದಪ್ಪನೆಯ ಆಸಾಮಿ, ಬಾಗಿಲಲ್ಲಿ ತಲೆ ತೂರಿಸಿದ. "ಮೇಸ್ತ್ರೀ, ಹುಡುಗ ಮನಸ್ಸು ಬದಲಾಯಿಸೋದರೊಳಗೆ ಆಗತ್ತಾ?"

ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಜಿವಾನನಿಗೆ ಏನಾದರೂ ಹೇಳಲೇಬೇಕಿತ್ತು. ಪಕ್ಕದ ಕೋಣೆಯಿಂದ ಕಾಫಿಯ ಘಮ ತೇಲಿಬಂತು. "ಆ ಕರೆಂಟ್ ಒಲೆ," ಎಂದುಬಿಟ್ಟ. "ಅದು ಲೈನ್ ಕೆಡಿಸ್ತಿದೆ."

ಒಲೆ ಜಗೋರ್ಕಳದು. ಜನನ ಮರಣ ನೋಂದಣಿಯ ಈ ವಿಧವೆ ಇಡೀ ಕಚೇರಿಗೆ ತಾನೇ ಕಾಫಿ ಕಾಯಿಸಿ ಕೊಡುವವಳು. ಜಿವಾನನ ಲೋಟಕ್ಕೆ ಕೇಳದೆಯೇ ಒಂದು ಚಮಚ ಸಕ್ಕರೆ ಹೆಚ್ಚು ಹಾಕುವವಳು. ರಾಡಿವೋಯ್ ಅತ್ತ ನುಗ್ಗಿದರು. ಹಿಂದೆಯೇ ಅರ್ಧ ದಿಬ್ಬಣವೂ ನುಗ್ಗಿತು.

ಒಂಟಿಯಾಗಿ ಉಳಿದ ಜಿವಾನ್ ಸುಮ್ಮನೆ ತನ್ನ ಫೈಲು ತೆರೆದ. ಆ ಸಾಲು ಕಣ್ಣಿಗೆ ಬಿತ್ತು. ಕಿವಿ ಬಿಸಿಯಾಯಿತು. ಕಂಪ್ಯೂಟರಿಗೆ ಅವನು 'ಮಾತಾಡುತ್ತಲೇ ಕೇಳಿಸಿಕೋ' ಎಂದು ಕಟ್ಟಪ್ಪಣೆ ಮಾಡಿದ್ದ. ತಂತಿಗಳೆಲ್ಲ ಬಂದು ಸೇರುವ ಆ ಕಡೆಯ ಸ್ವಿಚ್ ಪೆಟ್ಟಿಗೆಗೆ ಏನೂ ಹೇಳಿರಲಿಲ್ಲ. ಕೇಳಿದರೆ ಉತ್ತರ ಬಾರದ್ದರಿಂದ ಅದು ಅರ್ಧ ಡ್ಯುಪ್ಲೆಕ್ಸಿಗೆ ಇಳಿದು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿರಬೇಕೆಂದು ಕೂತಿತ್ತು. ಇಬ್ಬರ ಮಾತೂ ನಡುವೆ ಡಿಕ್ಕಿ ಹೊಡೆದು ಬೆಳಗಿನಿಂದ ಬೀಳುತ್ತಿತ್ತು. ಅವನು ಕಳ್ಳನಂತೆ ಬಾಗಿಲ ಕಡೆ ನೋಡಿ, ಆ ಸಾಲನ್ನು ಅಳಿಸಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿದ.

"ಒಲೆ ಕಿತ್ತಾಯ್ತು," ಎಂದು ಆಚೆಯಿಂದ ರಾಡಿವೋಯ್ ಕೂಗುವುದಕ್ಕೂ ನೀಲಿ ಪಟ್ಟಿ ಬಿಚ್ಚಿದ ಕರುವಿನಂತೆ ಓಡುವುದಕ್ಕೂ ಸರಿಹೋಯಿತು.

ಜನ ಚಪ್ಪಾಳೆ ತಟ್ಟಿದರು. ಜಿವಾನ್ ಬೇಗನೆ ಫೈಲು ಮುಚ್ಚಿದ.

ಮದುವೆಯಾಯಿತು, ಸರ್ಟಿಫಿಕೇಟೂ ಬಂತು. ಹಣ್ಣಿನ ಸಾರಾಯಿ ರಕಿಯಾದ ಬಾಟಲಿ ಕೈಯಿಂದ ಕೈಗೆ ಹೋಗುವಾಗ ರಾಡಿವೋಯ್ ಎಲ್ಲರೆದುರು ಸಾರಿದರು, "ಇವತ್ತಿಂದ ಈ ಕಟ್ಟಡದಲ್ಲಿ ಯಾರೂ ಒಲೆ ಇಡೋ ಹಾಗಿಲ್ಲ." ಜಗೋರ್ಕ ಇನ್ನೂ ಬೆಚ್ಚಗಿದ್ದ ಒಲೆಯನ್ನು ಕೈಚೌಕದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಎದ್ದು ಮದುಮಗಳ ಹತ್ತಿರ ಹೋಗಿ, "ನನ್ನಿಂದ ನಿನ್ನ ಒಳ್ಳೇ ದಿನ ಹಾಳಾಗ್ತಿತ್ತಮ್ಮ. ಕ್ಷಮಿಸು," ಎಂದಳು. ಆಮೇಲೆ ಜಿವಾನನ ಕಡೆ ತಿರುಗಿ, "ನಿಂಗೂ ತೊಂದ್ರೆ ಆಯ್ತು, ಪಾಪ," ಎಂದಳು.

ಆ 'ಪಾಪ' ಅವನಿಗೆ ಕೆನ್ನೆಗೆ ಬಿದ್ದಂತಾಯಿತು. ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬಾಯ್ಬಿಡಲಿಲ್ಲವಾದ್ದರಿಂದ ಅವನೇ ಬಾಯಿಬಿಟ್ಟ. "ತಪ್ಪು ಜಗೋರ್ಕಕ್ಕಂದಲ್ಲ. ನಂದು. ನಾನು ಫುಲ್ ಡ್ಯುಪ್ಲೆಕ್ಸ್ ಮಾಡಿಟ್ಟಿದ್ದೆ, ಆ ಕಡೆ ಅರ್ಧ ಡ್ಯುಪ್ಲೆಕ್ಸ್ ಆಗೋಗಿತ್ತು. ಯಾರಿಗೂ ಹೇಳ್ದೆ ಸರಿ ಮಾಡ್ದೆ. ಈಯಮ್ಮನ್ನ ಸುಮ್ಮನೆ ಅವಮಾನ ಮಾಡಿದ್ರಿ."

ಹಿರಿಯ ಸಾಕ್ಷಿ ಅವನನ್ನು ಹೂ ಅಪ್ಪಚ್ಚಿಯಾಗುವಂತೆ ತಬ್ಬಿಕೊಂಡ. "ನೋಡ್ರಪ್ಪ. ಒಂದು ಹೆಂಗಸಿನ ಮಾನ ಉಳಿಸೋಕೆ ತಪ್ಪನ್ನ ತಲೆ ಮೇಲೆ ಹಾಕ್ಕೋತಾನೆ. ಗಂಡಸು ಅಂದ್ರೆ ಇವನು."

"ಅಲ್ಲ, ನಿಜವಾಗ್ಲೂ ನಾನೇ..."

"ನನ್ನ ಗಂಡ ಬದುಕಿದ್ದಷ್ಟು ದಿನಾನೂ ನಂಗೋಸ್ಕರ ಒಂದು ಮಾತು ಆಡ್ಲಿಲ್ಲ," ಎಂದು ಜಗೋರ್ಕ ಕಣ್ಣೊರೆಸಿಕೊಂಡಳು.

"ದೊಡ್ಡ ಮನಸ್ಸು ಕಣಯ್ಯ ನಿಂದು," ಎಂದರು ರಾಡಿವೋಯ್. "ಆದ್ರೂ ಒಲೆ ಬೇಡ ಅಂದ್ರೆ ಬೇಡ."

ಜಿವಾನ್ ಎಷ್ಟು ಹೇಳಿದರೂ ಅಷ್ಟಷ್ಟು ದೊಡ್ಡ ಮನುಷ್ಯನಾದ. ಕೊನೆಗೆ ವಾದ್ಯದವರು ಕೋಲೊ ಕುಣಿತದ ಮಟ್ಟು ಹಿಡಿದರು. ಸಾಕ್ಷಿ ಜಗೋರ್ಕಳ ಕೈಯನ್ನು ಅವನ ಕೈಯಲ್ಲಿಟ್ಟು ಇಬ್ಬರನ್ನೂ ಸಾಲಿಗೆ ಎಳೆದ. ಅವನು ತಲೆ ತಗ್ಗಿಸಿಕೊಂಡೇ ಅಂಗಳ ಸುತ್ತಿದ. ಮೂಲೆಯಲ್ಲಿ ಪಾಂತಾ ಯಾರಿಗೋ ಫೋನಿನಲ್ಲಿ ಉತ್ಸಾಹದಿಂದ ವರದಿ ಒಪ್ಪಿಸುತ್ತಿದ್ದ.

ಹೊರಗಿನವರು ನಂಬದಿದ್ದರೆ ಬೇಡ, ಹೆಂಡತಿ ನಂಬುತ್ತಾಳೆ ಎಂದುಕೊಂಡು ಜಿವಾನ್ ಮನೆಗೆ ಬಂದ. ದೆಸಾಂಕಾ ಮೇಜಿನ ಮೇಲೆ ಒಂದೇ ತಟ್ಟೆ ಇಟ್ಟುಕೊಂಡು ಬೀನ್ಸ್ ಕಾಳಿನ ಸಾರು ಉಣ್ಣುತ್ತಿದ್ದಳು. ಪಾಂತಾನ ಹೆಂಡತಿ ಪಕ್ಕದ ಮನೆಯವಳೆಂಬುದು ಅವನಿಗೆ ಆಗ ಹೊಳೆಯಿತು.

"ಎಲ್ಲರ ಮುಂದೆ ಒಪ್ಕೊಂಡ್ರಂತೆ," ಎಂದಳು ಅವಳು, ತಲೆ ಎತ್ತದೆ.

"ಒಪ್ಕೊಂಡೆ ಕಣೇ." ಜಿವಾನನ ಎದೆ ಹಗುರಾಯಿತು. "ತಪ್ಪೆಲ್ಲಾ ನಂದೇ. ನೀನಾದ್ರೂ ನಂಬ್ತೀಯಲ್ಲ."

"ನಂಬ್ದೇ ಏನು. ಮದುವೆಯಾದಾಗಿಂದ ಈ ಒಂದು ಕೋಣೆಯಲ್ಲೇ ಬಿದ್ದಿದೀನಿ." ಅವಳು ಚಮಚ ಕೆಳಗಿಟ್ಟಳು. "ಅವಳಿಗೆ ಡ್ಯುಪ್ಲೆಕ್ಸ್ ಮನೆ ಯಾವಾಗ ಮಾಡ್ಕೊಟ್ರಿ?"